ರಾಯಪಟ್ಟಣವೂ ರಾಜಪುರಿಯೂ

ಚನ್ನರಾಯಪಟ್ಟಣವೆಂದೊಡನೆ ಬಹುಮಂದಿ ವಾಚಕರ ಮನಸ್ಸು ಹಾಸನ ಜಿಲ್ಲೆಯ ಕಡೆಗೆ ಹೋಗುವುದು ಸಹಜ. ನಾವಿಲ್ಲಿ ವಿಚಾರಿಸಲಿರುವುದು ಆ ಊರನ್ನಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರನ್ನು ಹೊತ್ತಿರುವ ಹೋಬಳಿಯ ಮುಖ್ಯಸ್ಥಳವನ್ನು. ಇದನ್ನು ನಗರವೆನ್ನುವಂತಿಲ್ಲ; ಬರಿಯ ಹಳ್ಳಿಯೆಂದು ಬಿಡುವಂತೆಯೂ ಇಲ್ಲ. ಊರಿನ ಹೆಸರನ್ನು ಬಿಡಿಸಿ ನೋಡಿದರೆ ‘ಚನ್ನ’ ಎಂಬುದು ದೇಶ್ಯ. ‘ರಾಯ’ ಎಂಬುದು ರಾಜಶಬ್ದದ ತದ್ಭವ. ‘ಪಟ್ಟಣ’ವಾದರೋ ಸಂಸ್ಕೃತದಿಂದ ಬಂದು ಕನ್ನಡದ ನಾಲಗೆಗೆ ಹೊಂದಿಕೊಂಡದ್ದು. ಹೊರಗಿನಿಂದ ಬಂದುದನ್ನು ಒಳಗಿನದಾಗಿಸಿಕೊಳ್ಳುವುದು ಈ ಹೆಸರಿನ ಗುಣ. ಅದು ಈ ಸೀಮೆಯ ಜನಜೀವನದ ಗುಣವೂ ಆಗಿದೆಯೆಂಬುದು ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ಇದು ಮೊರಸುನಾಡಿಗೆ ಸೇರಿದ ನೆಲ. ಆವತಿಯ ಪ್ರಭುಗಳಾದ ಮೊರಸು ಒಕ್ಕಲಿಗರು ಕಂಚಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದರೆಂದು ಐತಿಹ್ಯ. ಆ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. 1749ರಲ್ಲಿ ಅದು ಮೈಸೂರಿನವರ ವಶವಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೇರಿತು. ದೊರೆಗಳು ಬದಲಾದರೂ ಒಕ್ಕಲು ಬದಲಾಗಲಿಲ್ಲ. ಇಂದಿಗೂ ಇಲ್ಲಿಯ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು ಅಥವಾ ಉರ್ದುವನ್ನು ಆಡಿ, ಸಂತೆಯಲ್ಲಿ ಕನ್ನಡವನ್ನಾಡುವ ಕುಟುಂಬಗಳುಂಟು. ರಾಗಿ, ದ್ರಾಕ್ಷಿ, ಮಾವು, ಹಿಪ್ಪುನೇರಳೆ, ತರಕಾರಿ, ಹಾಲು ಇವು ಜೀವನಾಧಾರಗಳು. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಕಾರಣ ಹಿಂದೆ ಕೆರೆಕುಂಟೆಗಳೂ ಈಚೆಗೆ ಕೊಳವೆಬಾವಿಗಳೂ ನೀರಿಗೆ ಗತಿಯಾದುವು.

ಇಂತಹ ಹೋಬಳಿಯ ಮಾತಿನಲ್ಲಿ ಥಾಯ್ ಭಾಷೆಯ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ದೇವನಹಳ್ಳಿಯ ಬಳಿ ಸುಮಾರು 4,000 ಎಕರೆಯ ವಿಮಾನನಿಲ್ದಾಣವು 2008ರ ಮೇ 24ರಂದು ತೆರೆಯಿತಷ್ಟೆ. ಅಲ್ಲಿಂದ ಹೊರಟ ವಿಮಾನವು ನಾಲ್ಕು ಗಂಟೆಗಳೊಳಗಾಗಿ ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣವನ್ನು ಮುಟ್ಟುತ್ತದೆ. ಆ ನಗರದ ಪಶ್ಚಿಮಕ್ಕೆ ‘ರಾತ್‌ಚಬುರಿ’ ಎಂಬ ಪ್ರಾಂತ್ಯವಿದೆ. ಅವರ ಬರವಣಿಗೆಯಂತೆ ಅದು ರಾಜಪುರಿಯೇ. ನಮ್ಮ ರಾಯಪಟ್ಟಣಕ್ಕೆ ಅರ್ಥದಲ್ಲಿ ಅದು ಒಡಹುಟ್ಟು.

ಥಾಯ್ ಭಾಷೆಯು ಕನ್ನಡದಂತೆಯೇ ಸಂಸ್ಕೃತದ ಕುಲಕ್ಕೆ ಸೇರಿದುದಲ್ಲ. ಅದರ ನಿಜಶಬ್ದಗಳು ಬಹುಮಟ್ಟಿಗೆ ಏಕಾಕ್ಷರದವು. ಐದು ಬಗೆಯ ಸ್ವರಭೇದದಿಂದ ಅರ್ಥಭೇದವಾಗುತ್ತದೆ. ಆದರೂ ಅಕ್ಷರಮಾಲೆಯು ಕವರ್ಗ, ಚವರ್ಗಗಳ ನಮ್ಮ ಕ್ರಮವನ್ನೇ ಅನುಸರಿಸುವುದು. ಕಂಚಿಯ ಪಲ್ಲವರ ಲಿಪಿಯು ಸಮುದ್ರವನ್ನು ದಾಟಿ ಖ್ಮೇರ್ ಲಿಪಿಯಾಯಿತು. ಅದರಿಂದ ಥಾಯ್ ಲಿಪಿ ಹುಟ್ಟಿತು. ಸುಖೋದಯದ ದೊರೆ ರಾಮಖಾಮ್ಹೇಂಗನು ಶಕ 1205ರಲ್ಲಿ, ಎಂದರೆ ಕ್ರಿ. ಶ. 1283ರಲ್ಲಿ, ಈ ಲಿಪಿಯನ್ನು ಏರ್ಪಡಿಸಿದನೆಂದು ಅವನ ಹೆಸರಿನ ಶಾಸನವು ಹೇಳುತ್ತದೆ. ಆ ಶಾಸನದ ಪ್ರಾಮಾಣ್ಯವನ್ನು ಕುರಿತು ವಿದ್ವಾಂಸರಲ್ಲಿ ವಾದವುಂಟು. ಶಾಸನದ ಮಾತನ್ನೇ ಒಪ್ಪುವುದಾದರೆ, ಕೇಶಿರಾಜನು ಕನ್ನಡದಲ್ಲಿ ತತ್ಸಮ ತದ್ಭವಗಳನ್ನು ವಿಂಗಡಿಸಿ ‘ಶಬ್ದಮಣಿದರ್ಪಣ’ವನ್ನು ರಚಿಸಿದುದು ಅದಕ್ಕೆ ಕೆಲವೇ ದಶಕಗಳ ಹಿಂದೆ, ಸುಮಾರು 1260ರಲ್ಲಿ.

ಸಂಸ್ಕೃತವನ್ನು ಬರಮಾಡಿಕೊಂಡ ರೀತಿಯಲ್ಲಿ ಮಾತ್ರ ಇವೆರಡು ಭಾಷೆಗಳಿಗೂ ಭೇದವಿದೆ. ನಾವು ಶ್ರೀಯನ್ನು ಸಿರಿಯೆಂದು ನುಡಿದೆವು, ಹಾಗೆಯೇ ಬರೆದೆವು. ಅವರಾದರೋ ಮೂಲದಂತೆಯೇ ಬರೆದು ‘ಸೀ’ ಎನ್ನುತ್ತಾರೆ. ವರ್ಣವು ನಮ್ಮಲ್ಲಿ ಬಣ್ಣವಾದಂತೆ ಅವರ ಬಾಯಲ್ಲಿ ಸುವರ್ಣವು ‘ಸುವನ್ನ’ವಾಯಿತು. ಚಂದ್ರವಾರವನ್ನು ಬರೆಯುವಾಗ ರಕಾರವನ್ನು ಉಳಿಸಿ, ಅದರ ತಲೆಯ ಮೇಲೊಂದು ಚಿಹ್ನೆಯನ್ನಿಟ್ಟು, ‘ಚನ್’ ಎಂದಷ್ಟೇ ಓದುವರು. ಆದಿತ್ಯವಾರ ಅವರಿಗೆ ‘ಆಥಿತ್’. ನಮ್ಮ ಹಳ್ಳಿಗರ ‘ಐತವಾರ’ಕ್ಕೆ ಇದು ಎಷ್ಟು ಸಮೀಪ! ಗುರುವು ‘ಖ್ರು’, ವಿದ್ಯೆಯು ‘ವಿತ್ಥಯಾ’, ಭಾಷೆಯು ‘ಫಾಸಾ’. ಹೊಸ ಪದಾರ್ಥಗಳಿಗೂ ಅವರು ಈ ಭಂಡಾರದಿಂದಲೇ ಹೆಸರಿಟ್ಟರು. ಟೆಲಿಫೋನು ದೂರಶಬ್ದ, ಬ್ಯಾಂಕು ಧನಾಗಾರ. 1932ರ ಕ್ರಾಂತಿಯ ಅನಂತರ ರಾಜ್ಯಾಂಗಕ್ಕೆ ರಾಷ್ಟ್ರ, ಧರ್ಮ ಶಬ್ದಗಳಿಂದ ಹೊಸ ಪದವನ್ನು ರೂಪಿಸಿದವರು ರಾಜಕುಮಾರ ವಾನ್ ಎಂಬವರು.

ಈ ಸಂಬಂಧವು ಅಕ್ಷರಗಳಿಂದ ಮಾತ್ರ ಆದುದಲ್ಲ. ಥಾಯ್ ನಾಡಿನ ಪಶ್ಚಿಮ ತೀರದ ತಾಕುವಾಪಾದಲ್ಲಿ ದೊರೆತ ಒಂಬತ್ತನೆಯ ಶತಮಾನದ ತಮಿಳು ಶಾಸನವೊಂದು ಒಂದು ಕೆರೆಯ ಮಾತನ್ನಾಡುತ್ತದೆ. ಆ ಕೆರೆಯ ರಕ್ಷಣೆಯನ್ನು ಮಣಿಗ್ರಾಮವೆಂಬ ವರ್ತಕರ ಸಂಘಕ್ಕೆ ಒಪ್ಪಿಸಲಾಗಿತ್ತು. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಐನೂರ್ವರ ಸಂಘವೂ 1088ರ ವೇಳೆಗೆ ಸುಮಾತ್ರದಲ್ಲಿ ಶಾಸನವನ್ನು ಹಾಕಿಸಿತ್ತು. ಇತ್ತಣಿಂದ ಅಕ್ಷರವೂ ಸರಕೂ ಹೋದಂತೆ ಅತ್ತಣಿಂದಲೂ ನಮಗೆ ಬಂದ ವಸ್ತುಗಳುಂಟು. ದೇವನಹಳ್ಳಿಗೆ ಹೆಸರನ್ನು ತಂದ ಚಕ್ಕೋತವು ಅವುಗಳಲ್ಲೊಂದು. ಆ ಫಲದ ತವರು ಆಗ್ನೇಯ ಏಷ್ಯಾ. ಬಂಗಾಳಿಗಳು ಅದನ್ನು ಬಟಾವಿಯಾ ನಗರದ ಹೆಸರಿನಿಂದ ಇಂದಿಗೂ ‘ಬಾತಾಬಿ’ ಎನ್ನುತ್ತಾರೆ. ನಮ್ಮ ಚಕ್ಕೋತಕ್ಕೆ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಿದೆ. ಥಾಯ್ ನಾಡಿನಲ್ಲಿ ನಖೋನ್ ಚೈ ಸೀ ಎಂಬಲ್ಲಿಯ ಚಕ್ಕೋತವೂ ಅದೇ ಮನ್ನಣೆಯನ್ನು ಪಡೆದಿದೆ. ನಗರ, ಜಯ, ಶ್ರೀ ಎಂಬ ಮೂರು ಶಬ್ದಗಳೇ ಆ ಹೆಸರು. ಆ ಸ್ಥಳವಿರುವ ಪ್ರಾಂತ್ಯವು ಮೇಲೆ ಹೇಳಿದ ರಾಜಪುರಿಗೆ ನೆರೆಯದು.

ಇಷ್ಟೆಲ್ಲ ಹೇಳಿದ ಬಳಿಕ ಇನ್ನೊಂದು ಸಂಗತಿಯನ್ನೂ ಮರೆಮಾಡಬಾರದು. ಸುವರ್ಣಭೂಮಿ ನಿಲ್ದಾಣವು 2006ರಲ್ಲಿ ತೆರೆದ ಆ ನೆಲಕ್ಕೆ ಮೊದಲಿದ್ದ ಹೆಸರು ‘ನೋಂಗ್ ಙೂ ಹಾವ್’, ಎಂದರೆ ನಾಗರಹಾವಿನ ಜೌಗು. ಅದು ಅಚ್ಚ ಥಾಯ್ ಮಾತು. ಆ ನೆಲವನ್ನು ತುಳಿದು ಕಂಡವರು ಇಟ್ಟ ಹೆಸರು. ಸಂಸ್ಕೃತವನ್ನೋದಿ ಬೆಳೆದ ನಮಗೆ ಸುವರ್ಣಭೂಮಿಯೆಂಬುದು ಕಿವಿಗೆ ಇಂಪಾದರೂ, ಆ ಇಂಪಿನಡಿಯಲ್ಲಿ ಒಂದು ದೇಶ್ಯನಾಮವು ಮರೆಯಾಯಿತೆಂಬುದನ್ನು ಒಪ್ಪಲೇಬೇಕು. ಚನ್ನರಾಯಪಟ್ಟಣದ ಹೋಬಳಿಗೂ ಇಂತಹ ಕಾಲವು ಸಮೀಪಿಸಿತ್ತು. ಪಾಳ್ಯ, ಹರಳೂರು, ಪೋಲನಹಳ್ಳಿ, ಮಟ್ಟಬಾರ್ಲು ಮೊದಲಾದ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳಬೇಕೆಂದು ಸರ್ಕಾರವು ಹೊರಟಿತು. ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. ಕಡೆಗೆ 2025ರ ಜುಲೈ 15ರಂದು, ಸ್ವಾಧೀನವನ್ನು ಕೈಬಿಟ್ಟಿರುವುದಾಗಿಯೂ ತಾವಾಗಿ ಕೊಡಲೊಪ್ಪುವವರಿಂದ ಮಾತ್ರ ನೆಲವನ್ನು ಪಡೆಯುವುದಾಗಿಯೂ ಮುಖ್ಯಮಂತ್ರಿಗಳು ಪ್ರಕಟಿಸಿದರು.

ಕೈಗಾರಿಕೆ ಬೇಡವೆಂದಾಗಲಿ, ವಿಮಾನವು ಅನಿಷ್ಟವೆಂದಾಗಲಿ ನಮ್ಮ ವಾದವಲ್ಲ. ನೆಲವನ್ನು ಉಳುವ ಒಕ್ಕಲು ಎದ್ದುಹೋದ ಮೇಲೆ ಊರಿನ ಹೆಸರು ರಸ್ತೆಯ ಫಲಕದ ಮೇಲೆ ನಿಂತಿರಬಹುದು. ಆದರೆ ಅದು ಥಾಯ್ ಬರವಣಿಗೆಯ ಆ ರಕಾರದಂತೆ, ಬರೆದಿದ್ದರೂ ನುಡಿಯದ ಅಕ್ಷರವಾದೀತು. ತೋಟವಿಲ್ಲದ ಚಕ್ಕೋತದ ಕೀರ್ತಿಯೂ ಹಾಗೆಯೇ. ಇದಕ್ಕೆ ಪ್ರತಿಯಾಗಿ, ಇದೇ ತಾಲ್ಲೂಕಿನ ನಲ್ಲೂರಿನ ಹುಣಿಸೆಯ ತೋಪನ್ನು 2007ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿದರು. ಭಾರತದಲ್ಲಿ ಆ ಮನ್ನಣೆಯನ್ನು ಮೊದಲು ಪಡೆದ ತಾಣ ಅದು. ಮರಗಳೊಡನೆ ತೋಪಿನ ಹೆಸರೂ ನಿಂತಿತು.

ನಮ್ಮ ಸಂಘದವರೂ ವಾಚಕರೂ ಮಾಡಬಹುದಾದ ಕಾರ್ಯವೊಂದಿದೆ. ಹೋಬಳಿಯ ಒಂದೊಂದು ಹಳ್ಳಿಯಲ್ಲಿಯೂ ಹೊಲ, ಕುಂಟೆ, ತೋಪು, ಓಣಿ ಇವುಗಳಿಗೆ ಜನರು ಆಡುವ ಹೆಸರುಗಳಿವೆ. ಸರ್ವೆ ನಂಬರು ಅಳತೆಯನ್ನು ಹೇಳುತ್ತದೆಯೇ ಹೊರತು ಆ ಹೆಸರುಗಳನ್ನು ಹೇಳದು. ಹಿರಿಯರು ಇರುವಾಗಲೇ ಅವುಗಳನ್ನು, ಕನ್ನಡವಾಗಲಿ ತೆಲುಗಾಗಲಿ ಉರ್ದುವಾಗಲಿ, ತಿದ್ದದೆ, ಅವರು ನುಡಿದಂತೆಯೇ ಬರೆದಿಡಬೇಕು.