ದನಿ ಹೋಯಿತು, ಗೂಡು ಉಳಿಯಿತು

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬುದು ನಮ್ಮ ಹಿರಿಯರ ಗಾದೆ. ಒಡೆದ ಮುತ್ತನ್ನು ಇಂದಿಗೂ ಯಾರೂ ಕೂಡಿಸಲಾರರು. ಆದರೆ ಆಡಿದ ಮಾತನ್ನು ಹಿಡಿದಿಡುವ ವಿದ್ಯೆ 1877ರಲ್ಲಿ ಮನುಷ್ಯನಿಗೆ ಕೈವಶವಾಯಿತು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ತವರದ ತಗಡಿನ ಹಾಳೆಯನ್ನು ಒಂದು ಉರುಳೆಗೆ ಸುತ್ತಿ, ತನ್ನ ಮಾತನ್ನು ಅದರ ಮೇಲೆ ಸೂಜಿಯಿಂದ ಕೊರೆದು, ಮತ್ತೆ ಅದನ್ನೇ ಕೇಳಿಸಿದನು. ಅದಕ್ಕೆ ಫೋನೋಗ್ರಾಫ್ ಎಂದು ಹೆಸರಾಯಿತು. ನಾವು ಬಾಲ್ಯದಲ್ಲಿ ಜಾತ್ರೆಯ ಡೇರೆಗಳಲ್ಲಿ ಬೆರಗಾಗಿ ನೋಡುತ್ತಿದ್ದ ಗ್ರಾಮಫೋನ್ ಇದರ ತಮ್ಮ. ಅಣ್ಣನ ಹೆಸರನ್ನು ಕೇಳಿದವರು ಈಗ ಕಡಿಮೆ. ಆ ಅಣ್ಣನ ಕುರಿತೂ, ಅವನ ದನಿಯನ್ನು ಇರಿಸುತ್ತಿದ್ದ ಒಂದು ಮರದ ಬೀರುವಿನ ಕುರಿತೂ ಈ ಬರಹ.

ತವರದ ಹಾಳೆ ನಾಲ್ಕಾರು ಬಾರಿ ಕೇಳುವಷ್ಟರಲ್ಲಿ ಹರಿದುಹೋಗುತ್ತಿತ್ತು. ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಟೇಂಟರ್ ಎಂಬಿಬ್ಬರು ಅದರ ಬದಲಿಗೆ ಮೇಣವನ್ನು ಬಳಸಿದರು. ಎಡಿಸನ್ 1888ರ ವೇಳೆಗೆ ತನ್ನ ಯಂತ್ರವನ್ನು ಸುಧಾರಿಸಿ ಗಟ್ಟಿ ಮೇಣದ ಸಿಲಿಂಡರನ್ನು ತಂದನು. ಒಳಗೆ ಟೊಳ್ಳು, ಸುಮಾರು ನಾಲ್ಕೂಕಾಲು ಅಂಗುಲ ಉದ್ದ, ಎರಡೂಕಾಲು ಅಂಗುಲ ಅಡ್ಡಳತೆ; ಬಿದಿರಿನ ಗೆಣ್ಣೊಂದನ್ನು ಕತ್ತರಿಸಿದಂತೆ ಕಾಣುವ ವಸ್ತು. ಅದರಲ್ಲಿ ಹಿಡಿಸುತ್ತಿದ್ದುದು ಎರಡೇ ನಿಮಿಷದ ಹಾಡು. 1908ರಲ್ಲಿ ಗೆರೆಗಳನ್ನು ಇಮ್ಮಡಿ ಒತ್ತಾಗಿಸಿದ ಮೇಲೆ ನಾಲ್ಕು ನಿಮಿಷ.

ಫೋನೋಗ್ರಾಫಿಗೆ ಗ್ರಾಮಫೋನಿಗಿಲ್ಲದ ಒಂದು ಗುಣವಿತ್ತು. ಗ್ರಾಮಫೋನ್ ಪರರ ಹಾಡನ್ನು ಕೇಳಿಸುತ್ತಿತ್ತು, ಅಷ್ಟೆ. ಫೋನೋಗ್ರಾಫ್ ಮನೆಯವರ ದನಿಯನ್ನೂ ಬರೆದುಕೊಳ್ಳುತ್ತಿತ್ತು. ಕೊಳವೆಯ ಮುಂದೆ ಕುಳಿತು ಮಾತನಾಡಿದರೆ ಸಾಕು. ಈ ಗುಣದಿಂದಾಗಿಯೇ ನಮ್ಮ ಮೈಸೂರು ಈ ಯಂತ್ರದ ಚರಿತ್ರೆಯೊಳಗೆ ಸೇರಿಕೊಂಡಿತು.

1892ರ ಕೊನೆಯ ಭಾಗದಲ್ಲಿ ಸ್ವಾಮಿ ವಿವೇಕಾನಂದರು ದೇಶ ಸುತ್ತುತ್ತ ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ಅವರ ಹೆಸರನ್ನು ಲೋಕವರಿಯದು. ಷಿಕಾಗೋ ಸಮ್ಮೇಳನಕ್ಕೆ ಇನ್ನೂ ಹಲವು ತಿಂಗಳುಗಳಿದ್ದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆತಿಥ್ಯದಲ್ಲಿದ್ದ ಸ್ವಾಮಿಗಳನ್ನು ಮಹಾರಾಜ ಚಾಮರಾಜೇಂದ್ರ ಒಡೆಯರು ಅರಮನೆಗೆ ಬರಮಾಡಿಕೊಂಡರು. ಮಹಾರಾಜರು ಕೇಳಿಕೊಂಡದ್ದರಿಂದ ಸ್ವಾಮಿಗಳ ದನಿಯನ್ನು ಫೋನೋಗ್ರಾಫಿನಲ್ಲಿ ಬರೆದುಕೊಳ್ಳಲಾಯಿತೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಆ ಗ್ರಂಥವೇ ಮುಂದಿನ ಮಾತನ್ನೂ ಹೇಳುತ್ತದೆ: ಸಿಲಿಂಡರನ್ನು ಅರಮನೆಯಲ್ಲಿ ಕಾಪಾಡಲಾಗಿತ್ತಾದರೂ ಕಾಲಕ್ರಮದಲ್ಲಿ ದನಿ ಅಸ್ಪಷ್ಟವಾಯಿತು. 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಇಂದು ವಿವೇಕಾನಂದರ ನಿಜವಾದ ಕಂಠ ಕೇಳಲು ನಮಗೆ ದೊರೆಯುವುದಿಲ್ಲ. ಅಂತರ್ಜಾಲದಲ್ಲಿ ಷಿಕಾಗೋ ಭಾಷಣವೆಂದು ಹರಿದಾಡುವ ದನಿ ಬೇರೆಯವರು ಓದಿದ್ದು. 1893ರ ಆ ಭಾಷಣವನ್ನು ಯಾರೂ ಧ್ವನಿಮುದ್ರಿಸಿಕೊಂಡಿರಲಿಲ್ಲ.

ದನಿ ಏಕೆ ಅಳಿಯಿತು? ಮೇಣದ ಸ್ವಭಾವವೇ ಕಾರಣ. ಅದು ಜೇನುಗೂಡಿನ ಮೇಣವಲ್ಲ, ಒಂದು ಬಗೆಯ ಗಟ್ಟಿ ಸಾಬೂನು. ಸೂಜಿ ಓಡಿದಷ್ಟು ಸಲವೂ ಗೆರೆ ಸವೆಯುತ್ತದೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು, ಆ ಬೂಷ್ಟು ಮೇಣವನ್ನೇ ತಿನ್ನುತ್ತದೆ. ಬಿಸಿಲಿಗೆ ಮೈ ಡೊಂಕಾಗುತ್ತದೆ. ತಣ್ಣಗಿರುವ ಸಿಲಿಂಡರನ್ನು ಬೆಚ್ಚನೆಯ ಅಂಗೈಯಲ್ಲಿ ಹಿಡಿದರೆ ಆ ಶಾಖಕ್ಕೇ ಸೀಳುವುದುಂಟು. ಆದ್ದರಿಂದ ತಿಳಿದವರು ಟೊಳ್ಳಿನೊಳಗೆ ಎರಡು ಬೆರಳನ್ನು ತೂರಿಸಿ, ಅಗಲಿಸಿ ಎತ್ತುತ್ತಿದ್ದರು; ಹೊರಮೈಯನ್ನು ಮುಟ್ಟುತ್ತಿರಲಿಲ್ಲ. 1912ರಲ್ಲಿ ಬಂದ ನೀಲಿ ಬಣ್ಣದ ಸಿಲಿಂಡರುಗಳ ಹೊರಮೈ ಸೆಲ್ಯುಲಾಯ್ಡಿನದು. ಅದರ ತಯಾರಿಕೆಗೆ ನಮ್ಮ ದೇವರ ಮನೆಯ ಕರ್ಪೂರವೂ ಬೇಕಿತ್ತೆಂಬುದು ಸ್ವಾರಸ್ಯ. ಅವು ಗಟ್ಟಿಯಾಗಿದ್ದವು ನಿಜ. ಆದರೆ ಒಳಗಿನ ಪ್ಲಾಸ್ಟರ್ ತೇವ ಕುಡಿದು ಉಬ್ಬಿದರೆ ಯಂತ್ರದ ಉರುಳೆಗೆ ಏರುತ್ತಿರಲಿಲ್ಲ.

ಇಂಥ ಸೂಕ್ಷ್ಮವಸ್ತುವಿಗೆಂದೇ ವಿಶೇಷವಾದ ಬೀರುಗಳು ಹುಟ್ಟಿಕೊಂಡವು. ಅವುಗಳ ಸೆಳೆಖಾನೆಗಳಲ್ಲಿ ಸಾಲುಸಾಲಾಗಿ ಮರದ ಗೂಟಗಳಿರುತ್ತವೆ. ಪ್ರತಿ ಗೂಟಕ್ಕೂ ಒಂದೊಂದು ಸಿಲಿಂಡರ್ ನೆಟ್ಟಗೆ ನಿಲ್ಲುತ್ತದೆ. ಒಂದಕ್ಕೊಂದು ತಾಗದು, ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗದು. ಮುಂದೆ ಹಾಡಿನ ಹೆಸರನ್ನು ಸಿಲಿಂಡರಿನ ಅಂಚಿನ ಮೇಲೆಯೇ ಅಚ್ಚು ಹಾಕತೊಡಗಿದಾಗ, ಖಾನೆಯನ್ನು ಎಳೆದು ಮೇಲಿನಿಂದಲೇ ಓದಿ ಆರಿಸಿಕೊಳ್ಳುವ ಅನುಕೂಲವೂ ಒದಗಿತು.

ಅಂಥ ಬೀರುವೊಂದನ್ನು ನಾನು ಕಂಡದ್ದು ಘಾಟಿ ಸುಬ್ರಹ್ಮಣ್ಯದ ಬಳಿಯ ಹಳ್ಳಿಯೊಂದರಲ್ಲಿ, ನನ್ನ ಹಳೆಯ ಶಿಷ್ಯನೊಬ್ಬನ ಪೂರ್ವಿಕರ ಮನೆಯಲ್ಲಿ. ಘಾಟಿಯನ್ನು ಓದುಗರು ಬಲ್ಲರು. ಮಾಕಳಿದುರ್ಗದ ಬೆಟ್ಟಗಳ ಮಗ್ಗುಲಲ್ಲಿರುವ ಈ ಕ್ಷೇತ್ರದಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮೂರ್ತಿಯ ದರ್ಶನ ಕನ್ನಡಿಯಲ್ಲಿ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ನೆರೆಯುವ ದನಗಳ ಜಾತ್ರೆ ಸುತ್ತಲ ಜಿಲ್ಲೆಗಳಿಗೆಲ್ಲ ಹೆಸರಾದದ್ದು. ಶಿಷ್ಯನ ಮನೆತನದವರು ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟವರು. ಕೈಮಗ್ಗ ಹೋಗಿ ಈಗ ವಿದ್ಯುತ್ ಮಗ್ಗ ಬಂದಿದೆ. ಅವನ ತಾತ, ಬ್ರಿಟಿಷರು ದೇಶ ಬಿಡುವ ಕಾಲದಲ್ಲಿ ಬೆಂಗಳೂರು ದಂಡಿನ ಬಂಗಲೆಯೊಂದರ ಸಾಮಾನು ಹರಾಜಾದಾಗ ಈ ಬೀರುವನ್ನು ಕೊಂಡು ಗಾಡಿಯಲ್ಲಿ ಹೇರಿಕೊಂಡು ಬಂದರೆಂದು ಮನೆಯ ಹಿರಿಯರ ಮಾತು. ಗೂಟಗಳನ್ನು ಕಂಡ ಆ ನೇಕಾರರು ಅದನ್ನು ನೂಲಿನ ಬೀರುವೆಂದೇ ತಿಳಿದರು. ಎರಡು ತಲೆಮಾರು ಆ ಗೂಟಗಳಲ್ಲಿ ಬಣ್ಣಬಣ್ಣದ ದಾರದ ಸುರುಳಿಗಳು ನಿಂತಿದ್ದವು.

ಶಿಷ್ಯ ನನ್ನನ್ನು ಕರೆದದ್ದು ಬೇರೆ ಕಾರಣಕ್ಕೆ. "ಸಾರ್, ತೇಗದ ಮರ, ಎಸೆಯೋಕೆ ಮನಸ್ಸಿಲ್ಲ. ಈ ಗೂಟಗಳನ್ನೆಲ್ಲ ಕೊಯ್ಸಿ, ಬಣ್ಣ ಹೊಡೆಸಿ, ಟಿವಿ ಇಡೋಕೆ ಮಾಡಿಸೋಣ ಅಂತಿದ್ದೀನಿ" ಎಂದ. ನಾನು ಒಂದು ಖಾನೆಯನ್ನು ಎಳೆದು ಅಳತೆಪಟ್ಟಿ ಹಿಡಿದೆ. ಗೂಟದಿಂದ ಗೂಟಕ್ಕೆ ಎರಡೂವರೆ ಅಂಗುಲ. ಖಾನೆಯ ಒಳ ಎತ್ತರ ನಾಲ್ಕೂವರೆ ಅಂಗುಲ. ನೂಲಿನ ಸುರುಳಿಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಬೇಕಿಲ್ಲ. ಗೂಟಗಳ ಬುಡದಲ್ಲಿ ಹಾಸಿದ್ದ ಉಣ್ಣೆಬಟ್ಟೆ ಹುಳು ತಿಂದು ಚಿಂದಿಯಾಗಿತ್ತು. ಉಳಿದ ಚೂರುಗಳ ಮೇಲೆ ದುಂಡನೆಯ ಒತ್ತುಗುರುತುಗಳಿದ್ದವು. ಅಡ್ಡಳತೆ ಎರಡೂಕಾಲು ಅಂಗುಲ! ನಾಲ್ಕು ಖಾನೆ, ಖಾನೆಗೆ ಇಪ್ಪತ್ತನಾಲ್ಕು ಗೂಟ, ಒಟ್ಟು ತೊಂಬತ್ತಾರು ಸಿಲಿಂಡರುಗಳ ಮನೆ. ಅವುಗಳಲ್ಲಿ ಒಂದೂ ಉಳಿದಿರಲಿಲ್ಲ.

ವಿಷಯವನ್ನು ಹೇಳಿದಾಗ ಶಿಷ್ಯ ಕ್ಷಣಕಾಲ ಸುಮ್ಮನಿದ್ದ. ಬಳಿಕ, "ಹಾಡೇ ಇಲ್ಲದ ಮೇಲೆ ಪೆಟ್ಟಿಗೆ ಯಾಕೆ ಸಾರ್?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಅವನಿಗೆ ವಿವೇಕಾನಂದರ ಸಿಲಿಂಡರಿನ ಕಥೆಯನ್ನು ಹೇಳಿದೆ. ದನಿಯನ್ನು ಉಳಿಸಿಕೊಳ್ಳಲಾಗದ ನಾಡಿನಲ್ಲಿ, ದನಿಯೊಂದು ಇತ್ತೆಂಬುದಕ್ಕೆ ಸಾಕ್ಷಿಯನ್ನಾದರೂ ಉಳಿಸಿಕೊಳ್ಳಬೇಡವೇ ಎಂದೆ. ಗೂಟ ಕೊಯ್ದರೆ ಅದು ಒಂದು ತೇಗದ ಪೆಟ್ಟಿಗೆ ಮಾತ್ರ; ಗೂಟವಿದ್ದರೆ ಅದು ಚರಿತ್ರೆ. ಅವನು ಒಪ್ಪಿದ.

ದುರಸ್ತಿಗೆ ಊರಿನ ಹಿರಿಯ ಬಡಗಿಯೊಬ್ಬರು ಸಿಕ್ಕಿದರು. ಆಚಾರ್ರು ಮೊದಲು ಮಾಡಿದ್ದು ಬಿಚ್ಚುವ ಕೆಲಸ. ಹಳೆಯ ಜೋಡಣೆಗಳೆಲ್ಲ ಮರವಜ್ರದಿಂದ ಅಂಟಿಸಿದವು. ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ತೆಗೆಯುವ ಈ ಅಂಟಿನ ಹಿರಿಮೆಯೆಂದರೆ, ಬಿಸಿನೀರಿನ ಬಟ್ಟೆ ಸುತ್ತಿದರೆ ಮತ್ತೆ ಮೆದುವಾಗಿ ಬಿಟ್ಟುಕೊಡುತ್ತದೆ, ಮರ ಸೀಳುವುದಿಲ್ಲ. "ಈಗಿನ ಬಿಳಿ ಗೋಂದು ಹಾಕಿದ್ರೆ ಮುಂದಿನವನು ಸುತ್ತಿಗೇಲಿ ಒಡೀಬೇಕು ಮೇಷ್ಟ್ರೇ. ನಮಗೂ ಬಿಚ್ಚೋ ಹಂಗೆ ಮಾಡಿಟ್ಟು ಹೋಗಿದ್ದಾನೆ ಮಹಾನುಭಾವ" ಎಂದರು. ತಾವೂ ಮರವಜ್ರವನ್ನೇ ಕಾಯಿಸಿ ಬಳಸಿದರು. ಗೆದ್ದಲು ತಿಂದ ತಳದ ಹಲಗೆಗೆ ಬದಲಾಗಿ ಕೆಡವಿದ ಮನೆಯ ಬಾಗಿಲುವಾಡದ ಹಳೆಯ ತೇಗವನ್ನು ಹೊಂದಿಸಿದರು. ಮುರಿದುಹೋಗಿದ್ದ ಏಳು ಗೂಟಗಳನ್ನು ಅದೇ ಮರದಿಂದ ಕಡೆದು ಕೂರಿಸಿದರು. ಬಿಗಿಯಾಗಿದ್ದ ಖಾನೆಗಳ ಅಂಚಿಗೆ ಮೇಣದಬತ್ತಿಯನ್ನು ಉಜ್ಜಿದರು.

ಹೊಳಪಿನ ವಿಷಯದಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಹಳೆಯ ಬಣ್ಣವನ್ನೆಲ್ಲ ಕೆರೆದು ಹೊಸ ವಾರ್ನಿಷ್ ಬಳಿಯಬೇಕೆಂದು ಮನೆಯ ಕಿರಿಯರ ಆಸೆ. ಆಚಾರ್ರು ಬೀರುವಿನ ಹಿಂಬದಿಯ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಇಟ್ಟು ನೋಡಿದರು, ಮೈ ಅಂಟಂಟಾಯಿತು. ಅರಗಿನ ಪಾಲಿಶ್ ಎಂಬುದು ಖಚಿತವಾಯಿತು. ಅರಗಿಗೆ ಅರಗೇ ಮದ್ದು. ಕೊಳೆಯನ್ನಷ್ಟೇ ಒರೆಸಿ, ಸ್ಪಿರಿಟ್‌ನಲ್ಲಿ ಅರಗನ್ನು ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಪದರದ ಮೇಲೆ ಪದರ ತೀಡಿದರು. ಸಿಲಿಂಡರನ್ನು ಮಾರುಕಟ್ಟೆಯಿಂದ ಓಡಿಸಿದ ತಟ್ಟೆಗಳ ಮುಖ್ಯ ದ್ರವ್ಯವೂ ಇದೇ ಅರಗು ಎಂಬುದನ್ನು ಇಲ್ಲಿ ನೆನೆಯಬಹುದು. ತಟ್ಟೆಯನ್ನು ದೋಸೆಯಂತೆ ಸಾವಿರಗಟ್ಟಲೆ ಒತ್ತಬಹುದಿತ್ತು, ಒಂದರ ಮೇಲೊಂದು ಪೇರಿಸಿಡಬಹುದಿತ್ತು. ಗೂಟದ ಬೀರು ಬೇಕಿರಲಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗೆ ಹಾಡಿದರು. ಆಕೆ ಕೊನೆಗೆ ಮೈಸೂರಿನ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಅವರ ದನಿ ಇಂದಿಗೂ ಕೇಳಸಿಗುತ್ತದೆ. ಎಡಿಸನ್ 1929ರಲ್ಲಿ ಸಿಲಿಂಡರುಗಳ ತಯಾರಿಕೆಯನ್ನು ನಿಲ್ಲಿಸಿದನು.

ಒಂದು ಖಾನೆಯ ಗೂಟಗಳಲ್ಲಿ ನೂಲು ಉಜ್ಜಿ ಉಜ್ಜಿ ಕೊರೆದ ಸಣ್ಣ ಗೀರುಗಳಿದ್ದವು. ಅವನ್ನು ಮರಳುಕಾಗದದಿಂದ ಉಜ್ಜಬೇಡಿರೆಂದು ಕೇಳಿಕೊಂಡವನು ನನ್ನ ಶಿಷ್ಯನೇ. "ಅದು ನಮ್ಮ ಅಜ್ಜಿಯ ಕೈಕೆಲಸ" ಎಂದ. ನನಗೆ ಸಂತೋಷವಾಯಿತು. ದಂಡಿನ ದೊರೆಯ ಹಾಡಿನಷ್ಟೇ ನೇಕಾರಗಿತ್ತಿಯ ದಾರವೂ ಆ ಬೀರುವಿನ ಚರಿತ್ರೆಯೇ.

ಓದುಗರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಇಂಥ ಕೊಳವೆಯಾಕಾರದ ವಸ್ತು ಎಲ್ಲಾದರೂ ಸಿಕ್ಕಿದರೆ ಒರೆಸಬೇಡಿ, ತೊಳೆಯಬೇಡಿ, ಯಾವುದಾದರೂ ಯಂತ್ರಕ್ಕೆ ಏರಿಸಿ ಪರೀಕ್ಷಿಸಲೂ ಹೋಗಬೇಡಿ. ತಂಪಾದ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಹಿಡಿದ, ಬಿರುಕು ಬಿಟ್ಟ ಸಿಲಿಂಡರಿನ ಗೆರೆಗಳನ್ನು ಸೂಜಿ ತಾಗಿಸದೆ ಬೆಳಕಿನಿಂದಲೇ ಅಳೆದು ದನಿಯನ್ನು ಮರಳಿ ಪಡೆಯುವ ವಿಧಾನವನ್ನು ಅಮೆರಿಕದ ಬರ್ಕ್ಲಿಯ ವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ರೂಪಿಸಿದ್ದಾರೆ. ಮೂಕವೆಂದು ಕೈಬಿಟ್ಟ ಎಷ್ಟೋ ಮೇಣ ಇದರಿಂದ ಮತ್ತೆ ನುಡಿದಿದೆ. 1892ರ ಮೈಸೂರಿನ ಮೇಣ ಈ ವಿದ್ಯೆ ಹುಟ್ಟುವವರೆಗೆ ಕಾಯಲಾರದೆ ಹೋಯಿತು. ನಿಮ್ಮ ಮನೆಯದು ಕಾದಿದ್ದರೂ ಕಾದಿರಬಹುದು.