ಮಾಣಿಯ ಮೈಮೇಲಿನ ಅಂಗಿ



ಇತಿಹಾಸ ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ರಾಯದುರ್ಗದ ಬೆಟ್ಟದ ಕೋಟೆ, ಇಲ್ಲವೇ ಮಡಕಶಿರದ ಬೆಟ್ಟ. ಅವುಗಳ ಬಗ್ಗೆ ಓದಿಕೊಂಡವರು ಮಾತನಾಡುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ, ಮೆಟ್ರಿಕ್‌ವರೆಗೆ ಮಾತ್ರ ಓದಿದ ನಾನು ಇಂದು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ಸಂಗತಿ. ಹೋಟೆಲಿನಲ್ಲಿ ನಮ್ಮ ಮುಂದೆ ಇಡ್ಲಿ ತಟ್ಟೆ ತಂದಿಡುತ್ತಾನಲ್ಲ, ಅವನು ತೊಡುವ ಬಟ್ಟೆಯ ಸಂಗತಿ. ಅದನ್ನು ಯಾರು ಆರಿಸಿದರು, ಏಕೆ ಆರಿಸಿದರು ಎಂದು ಹುಡುಕುತ್ತ ಹೋದರೆ ಅದು ಕೋಟೆಯ ಇತಿಹಾಸಕ್ಕಿಂತ ನಮಗೆ ಹತ್ತಿರವಾದದ್ದು.

ಮೊದಲು ಅವನ ಹೆಸರನ್ನೇ ತೆಗೆದುಕೊಳ್ಳೋಣ. ಈಗ ನಾವು ಅವನನ್ನು ಸಪ್ಲೈಯರ್ ಎನ್ನುತ್ತೇವೆ, ತೆಲುಗಿನವರು ಸರ್ವರ್ ಎನ್ನುತ್ತಾರೆ. ಕರೆಯುವಾಗ ಮಾತ್ರ ಎರಡು ಭಾಷೆಯವರೂ "ತಮ್ಮಾ" ಎಂದೇ ಕರೆಯುವುದು. ಹಿಂದೆ ಅವನಿಗಿದ್ದ ಹೆಸರು ಮಾಣಿ. ಬೆಂಗಳೂರು, ಮೈಸೂರು ಕಡೆಯ ಹಳಬರು ಇಂದಿಗೂ ಹಾಗೆ ಕರೆಯುವುದುಂಟು. ಕುಂದಾಪುರ, ಉಡುಪಿ ಕಡೆ ಮಾಣಿ ಎಂದರೆ ಹುಡುಗ; ಅದರಲ್ಲೂ ಬ್ರಾಹ್ಮಣರ ಮನೆಯ ಹುಡುಗ. ಆ ಕಡೆಯಿಂದ ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿ ಬಂದ ಹುಡುಗರೇ ಹೋಟೆಲುಗಳಲ್ಲಿ ಬಡಿಸುತ್ತಿದ್ದುದರಿಂದ ಕೆಲಸಕ್ಕೇ ಆ ಹೆಸರು ಅಂಟಿಕೊಂಡಿತು. ಅಂದರೆ ಬಡಿಸುವವನ ಹೆಸರಿನಲ್ಲೇ ಅವನ ಜಾತಿಯೂ ಸೇರಿಕೊಂಡಿತ್ತು.

ಹೆಸರಿನಲ್ಲಿ ಇದ್ದದ್ದು ಬಟ್ಟೆಯಲ್ಲೂ ಇತ್ತು. ಹಳೆಯ ಉಡುಪಿ ಹೋಟೆಲಿನಲ್ಲಿ ಅಡುಗೆಯವನಿಗೂ ಬಡಿಸುವವನಿಗೂ ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೊಂದು ವಸ್ತ್ರ. ಮೈ ಬರಿದು. ಬರಿ ಮೈಯ ಮೇಲೆ ಜನಿವಾರ. ಮಠದ ಪಾಕಶಾಲೆಯ ಮಡಿಯಿಂದ ಬಂದ ರೂಢಿ ಇದು. ಒಲೆಯ ಮುಂದಿನ ಸೆಕೆಗೂ ಅದು ಹೊಂದುತ್ತಿತ್ತು ಎನ್ನಿ. ಆದರೆ ಗಿರಾಕಿಯ ಕಣ್ಣಿಗೆ ಅದು ಹೇಳುತ್ತಿದ್ದ ಮಾತೇ ಬೇರೆ. ಊರು ಬಿಟ್ಟು ಬಂದ ಸಂಪ್ರದಾಯಸ್ಥರಿಗೆ ಹೊರಗೆ ಉಣ್ಣುವುದೆಂದರೆ ಭಯ; ಬೇಯಿಸಿದವರು ಯಾರೋ, ಮುಟ್ಟಿದವರು ಯಾರೋ ಎಂಬ ಅನುಮಾನ. ಆ ಜನಿವಾರ ಕಣ್ಣಿಗೆ ಬಿದ್ದರೆ ಅನುಮಾನ ಮುಗಿಯಿತು. ಇಂದಿನವರು ಅಂಗಿಯ ಜೇಬಿನ ಮೇಲೆ ಹೋಟೆಲಿನ ಮುದ್ರೆ ಹೊಲಿಸುತ್ತಾರಲ್ಲ, ಅಂದಿನವರಿಗೆ ಆ ಮುದ್ರೆ ಮೈಮೇಲೇ ಇತ್ತು. ಜಾತಿ ತೋರಿಸುವ ಸಮವಸ್ತ್ರ ಎಂದರೆ ತಪ್ಪಾಗಲಾರದು.

ಹೋಟೆಲಿನ ಫಲಕವೂ ಅದನ್ನೇ ಹೇಳುತ್ತಿತ್ತು. ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸೋದರರು 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ತೆರೆದ ಹೋಟೆಲಿನ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ ಎಂದಿತ್ತು. ಈಗ ಎಂ.ಟಿ.ಆರ್. ಎಂದು ಹೆಸರಾಗಿರುವುದು ಅದೇ. ಇತ್ತ ಮದ್ರಾಸಿನಲ್ಲಿ, ಮಠದ ಅಡುಗೆಮನೆಯಲ್ಲಿ ಕೈಯಾಳಾಗಿ ದುಡಿಮೆ ಆರಂಭಿಸಿದ ಕಡಂದಲೆ ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದು ಉಡುಪಿ ಊಟಕ್ಕೆ ದೊಡ್ಡ ಹೆಸರು ತಂದರು. ನಮ್ಮ ಗಡಿಸೀಮೆಗೆ ಈ ಎರಡು ನಗರಗಳ ನಂಟೂ ಇತ್ತು ಎಂಬುದನ್ನು ನೆನಪಿಡಬೇಕು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಂಧ್ರ ರಾಜ್ಯವಾದ ದಿನ ಅನಂತಪುರಕ್ಕೆ ಬಂತು. ಮಡಕಶಿರಕ್ಕೆ ಮೂರು ಕಡೆಯೂ ಮೈಸೂರು ಸೀಮೆಯೇ. (ಆ ತಾಲ್ಲೂಕೂ ಈಗ ಅನಂತಪುರದಲ್ಲಿಲ್ಲ, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ.) ಹೀಗಾಗಿ ಮದ್ರಾಸಿನ ಹೋಟೆಲು ಪದ್ಧತಿ, ಬೆಂಗಳೂರಿನ ಹೋಟೆಲು ಪದ್ಧತಿ ಎರಡರ ಗಾಳಿಯೂ ನಮಗೆ ತಾಗುತ್ತಿತ್ತು.

ಬಡಿಸುವವನ ಜಾತಿ ತೋರಿಸುವ ಕಡೆ ಉಣ್ಣುವವನ ಜಾತಿ ಕೇಳದೆ ಬಿಡುತ್ತಾರೆಯೇ? ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನ ಸಾಲು, ದಲಿತರಿಗೆ ಬಾಗಿಲ ಹೊರಗೆ ತೆಂಗಿನ ಚಿಪ್ಪಿನಲ್ಲೋ ಬೇರೆ ಇಟ್ಟ ಲೋಟದಲ್ಲೋ ಕಾಫಿ. ರೈಲ್ವೆಯ ಉಪಾಹಾರ ಗೃಹಗಳಲ್ಲೂ ಊಟದ ಜಾಗ ಬೇರೆ ಬೇರೆ ಇರುತ್ತಿತ್ತು. ಚಳವಳಿ ನಡೆದ ಮೇಲೆ 1941ರಲ್ಲಿ ದಕ್ಷಿಣದಲ್ಲಿ ಅದು ನಿಂತಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಎಂದು ಹೆಸರು ಹಿಡಿದೇ ಬರೆದರು. ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರ ಇಡುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಇಟ್ಟಿರುವ ಪಾತ್ರೆ ಬಳಸದಂತೆ ತಡೆಯುವುದೂ ಅಪರಾಧ ಎಂದಿತು. ಲೋಟದ ಮಾತು ಕಾಯಿದೆಯವರೆಗೆ ಹೋಗಬೇಕಾಗಿ ಬಂತು ನೋಡಿ. 1957ರಲ್ಲಿ ಪೆರಿಯಾರರ ದ್ರಾವಿಡ ಕಳಗದವರು ಮದ್ರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ನಿಂತು, ಫಲಕದಲ್ಲಿದ್ದ ಬ್ರಾಹ್ಮಣ ಎಂಬ ಪದ ತೆಗೆಯಬೇಕೆಂದು ಹಟ ಹಿಡಿದರು. ತಿಂಗಳುಗಟ್ಟಲೆ ಧರಣಿ ನಡೆದು ಆ ಪದ ಹೋಯಿತು.

ಫಲಕದ ಮೇಲೆ ಜಾತಿ ಅಳಿಸಿದ ಮೇಲೆ ಮೈಮೇಲೆ ತೋರಿಸಿ ಪ್ರಯೋಜನವೇನು? ಬನೀನು ಬಂತು, ಆಮೇಲೆ ಅಂಗಿ ಬಂತು. ಇದು ಒಂದೇ ದಿನ ಆದದ್ದಲ್ಲ. ಕೆಲವರು ಕಾನೂನಿಗೆ ಹೆದರಿ ತೊಡಿಸಿದರು, ಕೆಲವರು ಶುಚಿತ್ವಕ್ಕಾಗಿ. ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದವರು ಅಲ್ಲಿನ ಹೋಟೆಲುಗಳ ಚೊಕ್ಕಟತನ ಕಂಡು ತಮ್ಮಲ್ಲಿ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮ ತಂದರು. ಮಡಿ ಎಂಬ ಮಾತಿನ ಜಾಗದಲ್ಲಿ ಶುಚಿ ಎಂಬ ಮಾತು ಬಂದ ಕಾಲ ಅದು. ನನ್ನ ಚಿಕ್ಕಂದಿನಲ್ಲಿ ರಾಯದುರ್ಗದ ಹೋಟೆಲುಗಳಲ್ಲಿ ಕಂಡದ್ದು ನಡುಗಾಲದ ವೇಷ: ಒಗ್ಗರಣೆ, ಮಿರ್ಚಿ ತಂದಿಡುವವನಿಗೆ ಪಂಚೆ, ಬನೀನು, ಮೇಜು ಒರೆಸುವ ಕ್ಲೀನರ್ ಹುಡುಗನಿಗೆ ಖಾಕಿ ಚಡ್ಡಿ. ಗಲ್ಲಾದಲ್ಲಿ ಕುಳಿತವರಿಗೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ.

ಇದೇ ಹೊತ್ತಿನಲ್ಲಿ ಬೇರೊಂದು ದಾರಿಯಿಂದ ಬಂದ ಉಡುಪಿದೆ. ಬೆಂಗಳೂರಿಗೆ ಹೋದವರು ಇಂಡಿಯಾ ಕಾಫಿ ಹೌಸ್ ನೋಡಿರಬಹುದು. ಅಲ್ಲಿ ಬಡಿಸುವವರದು ಬಿಳಿ ಕೋಟು, ಬಿಳಿ ಷರಾಯಿ, ಸೊಂಟಕ್ಕೆ ಅಗಲವಾದ ಪಟ್ಟಿ, ತಲೆಗೆ ಬೀಸಣಿಗೆಯಂತೆ ಗರಿ ಎದ್ದ ಪೇಟ. ಪೇಟವೆಂದರೆ ನಮ್ಮಲ್ಲಿ ಮರ್ಯಾದೆ. ಗೌಡರು, ಶಾನುಭೋಗರು ಸುತ್ತುತ್ತಿದ್ದುದು, ಮದುವೆಯಲ್ಲಿ ಬೀಗರಿಗೆ ಸುತ್ತುವುದು. ಬ್ರಿಟಿಷರು ಅದನ್ನೇ ತಮ್ಮ ಕ್ಲಬ್ಬುಗಳಲ್ಲಿ ಬೇರರುಗಳ ತಲೆಗೆ ಕಟ್ಟಿಸಿ, ದೊರೆಯ ಮುಂದೆ ತಟ್ಟೆ ಹಿಡಿದು ನಿಲ್ಲಿಸಿದರು. ಕಾಫಿ ಪ್ರಚಾರಕ್ಕೆಂದು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸ್ ಶುರುವಾಯಿತು. ಮುಂದೆ ಕಾಫಿ ಬೋರ್ಡು ಅವುಗಳನ್ನು ಬೇರೆ ಊರುಗಳಲ್ಲೂ ನಡೆಸಿತು, 1950ರ ದಶಕದಲ್ಲಿ ಮುಚ್ಚಹೊರಟಿತು. ಕೆಲಸ ಕಳೆದುಕೊಂಡವರನ್ನು ಎ.ಕೆ. ಗೋಪಾಲನ್ ಒಟ್ಟುಗೂಡಿಸಿ, ನೀವೇ ನಡೆಸಿಕೊಳ್ಳಿ ಎಂದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲೇ ಮೊದಲ ಕಾಫಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿತು.

ಈಗ ನನ್ನ ಪ್ರಶ್ನೆ. ಮಾಲೀಕನಿಲ್ಲದ ಹೋಟೆಲು. ಬಡಿಸುವವನೇ ಸಂಘದ ಸದಸ್ಯ. ಬೇಕೆಂದರೆ ದೊರೆಗಳ ಕಾಲದ ಆ ಪೇಟವನ್ನು ಕಿತ್ತೆಸೆಯಬಹುದಿತ್ತು. ಅವರು ಎಸೆಯಲಿಲ್ಲ. ಜನ ಗುರುತು ಹಿಡಿಯುವುದು ಅದರಿಂದ ಎಂಬ ವ್ಯಾಪಾರದ ಲೆಕ್ಕ ಇದ್ದೀತು. ನನಗೆ ಅನ್ನಿಸುವುದು ಇಷ್ಟು: ಇನ್ನೊಬ್ಬರು ತಲೆಗೆ ಕಟ್ಟಿದ ಪೇಟ ಬೇರೆ, ತಾನೇ ಕಟ್ಟಿಕೊಂಡ ಪೇಟ ಬೇರೆ. ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ ಪೇಟವೂ ಜೊತೆಗೇ ಹೋಯಿತು.

ಇನ್ನು ಖಾಕಿ ಚಡ್ಡಿಯ ಆ ಹುಡುಗನ ವಿಷಯ. ಅವನಿಗೆ ಅಂಗಿ ಯಾವ ಬಣ್ಣದ್ದಿರಬೇಕು ಎಂದು ಯಾರೂ ಯೋಚಿಸಲಿಲ್ಲ. ಅವನ ಓರಗೆಯವರು ಶಾಲೆಯ ಸಮವಸ್ತ್ರದಲ್ಲಿ ಹೋಟೆಲಿನ ಮುಂದೆಯೇ ಹಾದು ಹೋಗುತ್ತಿದ್ದರು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ತಡವಾಯಿತು, ಬಹಳ ತಡವಾಯಿತು.

ನಮ್ಮ ದಾಯಾದಿಗಳ ಹುಡುಗನೊಬ್ಬ ಮಡಕಶಿರ ಕಡೆ ರಸ್ತೆಬದಿಗೆ ಹೋಟೆಲು ಮಾಡುತ್ತಿದ್ದಾನೆ. ಮುದ್ದೆ ಊಟ, ಟಿಫನ್ನು ಎರಡೂ ಇಡುತ್ತಾನಂತೆ. "ದೊಡ್ಡಪ್ಪಾ, ಕೆಲಸದವರಿಗೆ ಒಂದೇ ತರಹದ ಬಟ್ಟೆ ಹೊಲಿಸಬೇಕು, ಯಾವ ಬಣ್ಣ ಚೆಂದ?" ಎಂದು ಕೇಳಿದ. ಬಣ್ಣ ಆಮೇಲೆ, ಮೊದಲು ಬಟ್ಟೆ ನೋಡು ಎಂದೆ. ಒಲೆಯ ಹತ್ತಿರ ಟೆರಿಲಿನ್, ಪಾಲಿಯೆಸ್ಟರ್ ಬೇಡವೇ ಬೇಡ. ಹತ್ತಿಗೂ ಬೆಂಕಿ ಹತ್ತುತ್ತದೆ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಿಳಿಯಾದರೆ ಸಾರಿನ ಕಲೆ ಕಾಣುತ್ತದೆ ಎಂದು ಮಾಲೀಕರು ಕಡುಗೆಂಪು, ಕಂದು ಆರಿಸುತ್ತಾರೆ. ಕಲೆ ಕಾಣಲಿ, ಕಂಡರೆ ತಾನೇ ಒಗೆಯುವುದು. ತಲೆಗೆ ಟೊಪ್ಪಿ, ಶುಭ್ರವಾದ ಬಟ್ಟೆ ಇರಬೇಕೆಂದು 2011ರ ಆಹಾರ ಸುರಕ್ಷತಾ ನಿಯಮಗಳೂ ಹೇಳುತ್ತವೆ. ಒಬ್ಬೊಬ್ಬನಿಗೆ ಎರಡು ಜೊತೆಯಾದರೂ ಬೇಕು, ಹೊಲಿಗೆ ಖರ್ಚು ಮಾಲೀಕನದೇ ಆಗಬೇಕು. ಬ್ಯಾಂಕಿನಲ್ಲಿ ನಮ್ಮ ಜವಾನರಿಗೆ ಬಟ್ಟೆಯ ಜೊತೆಗೆ ಒಗೆಯುವ ಭತ್ಯೆಯನ್ನೂ ಕೊಡುತ್ತಿದ್ದರು. ಪಾತ್ರೆ ತೊಳೆಯುವ ಹೆಂಗಸರನ್ನು ಎಲ್ಲರೂ ಮರೆಯುತ್ತಾರೆ. ಅವರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ದುಡಿಯುತ್ತಾರೆ. ಅವರ ಅಳತೆಗೂ ಒಂದೊಂದು ಅಂಗಿ ಹೊಲಿಸಿದರೆ ಹೋಟೆಲು ಮುಳುಗಿಹೋಗುವುದಿಲ್ಲ.

ಆ ಹುಡುಗನಿಗೆ ಯಾರೋ ಹೇಳಿಕೊಟ್ಟಿದ್ದರು, ಅಂಗಿಗೆ ಜೇಬು ಇಡಿಸಬೇಡ, ಗಿರಾಕಿ ಕೊಟ್ಟ ಹಣ ಅಲ್ಲೇ ಉಳಿದುಬಿಡುತ್ತದೆ ಎಂದು. ಇದು ನನಗೆ ಸರಿಕಾಣಲಿಲ್ಲ. ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿಗೆ ಕೂರುವ ಮೊದಲು ನಮ್ಮ ಜೇಬಿನ ಸ್ವಂತ ಹಣ ಎಷ್ಟೆಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದೆವು. ದಿನಕ್ಕೆ ಲಕ್ಷಗಟ್ಟಲೆ ಎಣಿಸುವವರ ಜೇಬನ್ನು ಯಾರೂ ಕತ್ತರಿಸಲಿಲ್ಲ. ಎರಡು ಇಡ್ಲಿಯ ದುಡ್ಡಿಗೆ ಒಬ್ಬನ ಅಂಗಿಯಲ್ಲೇ ಕಳ್ಳ ಎಂದು ಬರೆದಿಡುವುದು ಯಾವ ನ್ಯಾಯ?

ಕೊನೆಗೆ ಉಳಿದದ್ದು ಎದೆಯ ಮೇಲಿನ ಹೆಸರಿನ ಪಟ್ಟಿ. ಪೇಟೆಯ ದೊಡ್ಡ ಹೋಟೆಲುಗಳನ್ನು ನೋಡಿ ಅವನಿಗೂ ಅದರ ಆಸೆ. ಇರಲಿ, ಆದರೆ ಪೂರ್ತಿ ಹೆಸರು ಹಾಕಿಸಬೇಡ ಎಂದೆ. ನಮ್ಮ ಸೀಮೆಯಲ್ಲಿ ಹೆಸರಿನ ಬಾಲದಲ್ಲಿ ರೆಡ್ಡಿಯೋ, ನಾಯಕನೋ, ಶೆಟ್ಟಿಯೋ ಬಂದೇ ಬರುತ್ತದೆ. ಬಾಲವೇ ಇಲ್ಲದಿದ್ದರೆ ಕೆಲವರ ಹೆಸರೇ ಕೇರಿಯನ್ನು ಹೇಳುತ್ತದೆ. ಅರವತ್ತು ಎಪ್ಪತ್ತು ವರ್ಷದ ಹಿಂದೆ ಅಂಗಿಯೊಳಗೆ ಮರೆಯಾದ ಜನಿವಾರ ಅಂಗಿಯ ಮೇಲೆ ಪಟ್ಟಿಯಾಗಿ ಬಂದು ಕುಳಿತಂತಾಗುತ್ತದೆ. ಮುದ್ದೆ ತಂದಿಟ್ಟವನ ಎದೆಯನ್ನು ಓದಿಕೊಂಡು ಆಮೇಲೆ ತುತ್ತು ಮುರಿಯುವ ಗಿರಾಕಿಗಳು ನಮ್ಮಲ್ಲಿ ಪೂರ್ತಿ ಇಲ್ಲವಾಗಿಲ್ಲ. ಮನೆಯಲ್ಲಿ ಕರೆಯುವ ಚಿಕ್ಕ ಹೆಸರು ಸಾಕು. ಯಾವ ಹೆಸರು ಎಂದು ಅವರವರನ್ನೇ ಕೇಳಿ ಬರೆಸು ಎಂದೆ.

ಕನ್ನಡದಲ್ಲಿ ಬರೆಸಲೋ ತೆಲುಗಿನಲ್ಲೋ ಎಂಬುದು ಅವನ ಇನ್ನೊಂದು ಚಿಂತೆ. ಎರಡೂ ಅಕ್ಕತಂಗಿಯರಂಥ ಲಿಪಿ. ರಾಮು ಎಂದು ಕನ್ನಡದಲ್ಲಿ ಬರೆದರೆ ತೆಲುಗು ಓದುವವರೂ ತಡವರಿಸದೆ ಓದಿಕೊಳ್ಳುತ್ತಾರೆ. ಒಂದೇ ಪಟ್ಟಿ ಸಾಕು, ಖರ್ಚೂ ಉಳಿಯುತ್ತದೆ.