ಅಗಾಥಾ ಕ್ರಿಸ್ಟಿ: ಔಷಧಾಲಯದಿಂದ ಪತ್ತೇದಾರಿ ಕಾದಂಬರಿಗೆ

ಅಗಾಥಾ ಕ್ರಿಸ್ಟಿ (1890–1976) ಇಂಗ್ಲೆಂಡಿನ ಡೆವನ್ ಸೀಮೆಯ ಟಾರ್ಕೀ ಎಂಬ ಕಡಲತೀರದ ಪಟ್ಟಣದಲ್ಲಿ ಜನಿಸಿದರು. 66 ಪತ್ತೇದಾರಿ ಕಾದಂಬರಿಗಳನ್ನು ರಚಿಸಿದ ಈ ಲೇಖಕಿಯ ಹೆಸರೆತ್ತಿದರೆ ಓದುಗರಿಗೆ ಪೊಯ್ರೋ, ಮಿಸ್ ಮಾರ್ಪಲ್ ನೆನಪಾಗುತ್ತಾರೆ. ವೈದ್ಯನಾದ ನನಗೆ ನೆನಪಾಗುವುದು ಒಂದು ದಶಮಾಂಶ ಬಿಂದು.

1914ರಲ್ಲಿ ಸೈನ್ಯಾಧಿಕಾರಿ ಆರ್ಚಿ ಕ್ರಿಸ್ಟಿಯವರನ್ನು ವಿವಾಹವಾದ ಅಗಾಥಾ, ಮೊದಲ ಮಹಾಯುದ್ಧದಲ್ಲಿ ಊರಿನ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಬಳಿಕ ಅಲ್ಲಿನ ಔಷಧಾಲಯವನ್ನು ಸೇರಿ, 1917ರಲ್ಲಿ ಔಷಧ ವಿತರಣೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆಗ ಅವರಿಗೆ ಪಾಠ ಹೇಳುತ್ತಿದ್ದ ಔಷಧಿ ಅಂಗಡಿಯವನು ಒಮ್ಮೆ ಸಪೋಸಿಟರಿ ತಯಾರಿಸುವಾಗ ದಶಮಾಂಶ ಬಿಂದುವನ್ನು ತಪ್ಪಾಗಿಟ್ಟು, ಮದ್ದನ್ನು ಹತ್ತು ಪಟ್ಟು ಬೆರೆಸಿಬಿಟ್ಟ. ಹಿರಿಯನ ತಪ್ಪನ್ನು ಎತ್ತಿ ಹೇಳಲಾರದೆ, ಅಗಾಥಾ ಕೈತಪ್ಪಿದಂತೆ ತಟ್ಟೆಯನ್ನು ಕೆಡವಿ ಮದ್ದನ್ನು ತುಳಿದುಹಾಕಿದರು. ಇದೇ ವ್ಯಕ್ತಿ ಕ್ಯುರಾರೆ ವಿಷದ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದನೆಂದೂ ಅವರ ಆತ್ಮಕಥೆ ಹೇಳುತ್ತದೆ. ಕಿರಿಯ ವೈದ್ಯನಾಗಿದ್ದಾಗ ನಾನೂ ಹಿರಿಯರೊಬ್ಬರ ಚೀಟಿಯಲ್ಲಿ ಇಂತಹ ಬಿಂದುವನ್ನು ಕಂಡು ಸುಮ್ಮನಿದ್ದೆ. ಅದನ್ನು ತಡೆದವರು ರಾತ್ರಿಪಾಳಿಯ ದಾದಿ.

ಔಷಧಾಲಯದ ಬಿಡುವಿನಲ್ಲಿ ರೂಪುಗೊಂಡ ಮೊದಲ ಪತ್ತೇದಾರಿ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಹಲವು ಪ್ರಕಾಶಕರಿಂದ ಮರಳಿ ಬಂದು 1920ರಲ್ಲಿ ಪ್ರಕಟವಾಯಿತು. ಅದರಲ್ಲಿನ ಸ್ಟ್ರಿಕ್ನಿನ್ ವಿಷದ ವಿವರಗಳ ನಿಖರತೆಯನ್ನು ಔಷಧಶಾಸ್ತ್ರದ ಪತ್ರಿಕೆಯೊಂದು ಮೆಚ್ಚಿತು.

1926ರಲ್ಲಿ ತಾಯಿ ತೀರಿಕೊಂಡರು. ಪತಿ ಬೇರೊಬ್ಬಳನ್ನು ಪ್ರೀತಿಸುತ್ತಿರುವುದಾಗಿ ತಿಳಿಸಿ ವಿಚ್ಛೇದನ ಕೇಳಿದರು. ಡಿಸೆಂಬರ್ 3ರ ರಾತ್ರಿ ಮನೆಬಿಟ್ಟ ಅಗಾಥಾ ಹನ್ನೊಂದು ದಿನಗಳ ನಂತರ ಹ್ಯಾರೋಗೇಟಿನ ಹೋಟೆಲೊಂದರಲ್ಲಿ ಪತ್ತೆಯಾದರು. ಅಲ್ಲಿ ಅವರು ಬರೆಸಿದ್ದ ಕುಲನಾಮ ಪತಿಯ ಪ್ರೇಯಸಿಯದು. ಸ್ಮೃತಿನಾಶವೆಂದು ವೈದ್ಯರು ಹೇಳಿದರು. ಪ್ರಚಾರತಂತ್ರವೆಂದು ಕೆಲವರು ಜರೆದರು. ಆತ್ಮಕಥೆ ಈ ಬಗ್ಗೆ ಮೌನವಾಗಿದೆ. ರೋಗಿಯನ್ನು ನೋಡದೆ ರೋಗವನ್ನು ಹೆಸರಿಸುವುದು ವೈದ್ಯಧರ್ಮವಲ್ಲವಾದ್ದರಿಂದ ನಾನೂ ಆ ಮೌನವನ್ನು ಗೌರವಿಸುತ್ತೇನೆ.

1928ರಲ್ಲಿ ವಿಚ್ಛೇದನವಾಯಿತು. 1930ರಲ್ಲಿ ಅವರು ತಮಗಿಂತ ಕಿರಿಯರಾದ ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೊವನ್ ಅವರನ್ನು ವರಿಸಿ, ಇರಾಕ್ ಮತ್ತು ಸಿರಿಯಾದ ಉತ್ಖನನಗಳಲ್ಲಿ ಜೊತೆಯಾದರು. ಎರಡನೆಯ ಮಹಾಯುದ್ಧ ಬಂದಾಗ, ಆಗಲೇ ಪ್ರಖ್ಯಾತರಾಗಿದ್ದ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಪುನಃ ಔಷಧ ವಿತರಕಿಯಾದರು.

ಅವರು ನಿಧನರಾದ ಮರುವರ್ಷ, 1977ರಲ್ಲಿ, ಕತಾರಿನಿಂದ ಹತ್ತೊಂಬತ್ತು ತಿಂಗಳ ಮಗುವೊಂದನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಕರೆತಂದರು. ರೋಗವೇನೆಂದು ವೈದ್ಯರಿಗೆ ಬಗೆಹರಿಯಲಿಲ್ಲ. ಆರೈಕೆಯಲ್ಲಿದ್ದ ದಾದಿ ಆಗ ಅಗಾಥಾ ಅವರ 'ದಿ ಪೇಲ್ ಹಾರ್ಸ್' (1961) ಓದುತ್ತಿದ್ದರು. ಮಗುವಿನ ಕೂದಲು ಉದುರುತ್ತಿರುವುದನ್ನು ಗಮನಿಸಿ, ಇದು ಕಾದಂಬರಿಯಲ್ಲಿರುವ ಥ್ಯಾಲಿಯಂ ವಿಷವಿರಬಹುದೇ ಎಂದು ವೈದ್ಯರನ್ನು ಕೇಳಿಯೇಬಿಟ್ಟರು. ಪರೀಕ್ಷೆಯಲ್ಲಿ ಅದೇ ದೃಢಪಟ್ಟಿತು. ಚಿಕಿತ್ಸೆಯಿಂದ ಮಗು ಚೇತರಿಸಿಕೊಂಡಿತು.

ನನ್ನ ಕೈಕೆಳಗೆ ಕಲಿಯುವ ಕಿರಿಯ ವೈದ್ಯರಿಗೆ ಈ ಎರಡು ಪ್ರಸಂಗಗಳನ್ನೂ ಹೇಳುತ್ತೇನೆ. ಸಂದೇಹ ಬಂದರೆ ತಟ್ಟೆ ಕೆಡವಬೇಕಾಗಿಲ್ಲ, ನನ್ನನ್ನು ಕೇಳಿ ಎನ್ನುತ್ತೇನೆ.